ಸಸ್ಪೆನ್ಷನ್ ಕೆಲಸದ ನಂತರ ಗೇರ್‌ಬಾಕ್ಸ್‌ನ ಬ್ರೀದರ್ ಪೈಪ್ ಕಳಚಿದೆಯೇ? ತೂತು ಮುಚ್ಚಬೇಡಿ, ಪೈಪನ್ನು ಮೇಲಕ್ಕೆ ಕಟ್ಟಿ

ಕಾರಿನ ಶಾಕ್ ಅಬ್ಸಾರ್ಬರ್, ಸ್ಪ್ರಿಂಗ್ ಅಥವಾ ಬುಷ್ ಬದಲಿಸಿ ಗಾಡಿ ಗ್ಯಾರೇಜಿನಿಂದ ಮನೆಗೆ ಬಂದಿರುತ್ತದೆ. ಕೆಲವು ದಿನಗಳ ನಂತರ ಬಗ್ಗಿ ನೋಡಿದರೆ, ಬೆರಳಿಗಿಂತ ಸಪೂರವಾದ ಕಪ್ಪು ರಬ್ಬರ್ ಪೈಪೊಂದು ಯಾವುದಕ್ಕೂ ಸೇರದೆ ಅಡಿಯಲ್ಲಿ ನೇತಾಡುತ್ತಿರುತ್ತದೆ. ಅದರ ಫೋಟೊ ತೆಗೆದು ವಾಟ್ಸಾಪ್ ಗ್ರೂಪಿಗೆ ಹಾಕಿದರೆ ಸಾಮಾನ್ಯವಾಗಿ ಮೂರು ಬಗೆಯ ಉತ್ತರ ಬರುತ್ತದೆ.

ಒಂದು: "ಅದು ವೇಸ್ಟ್ ಪೈಪ್, ಹಾಗೇ ಬಿಡಿ, ಏನೂ ಆಗಲ್ಲ."

ಎರಡು: "ಪೈಪ್ ಕಳಚಿದ ತೂತಿಗೆ ಬೋಲ್ಟ್ ಹಾಕಿ, ಇಲ್ಲವೇ ಎಂ-ಸೀಲ್ ಮೆತ್ತಿ ಮುಚ್ಚಿಬಿಡಿ. ನೀರೂ ಒಳಗೆ ಹೋಗಲ್ಲ, ಆಯಿಲೂ ಹೊರಗೆ ಬರಲ್ಲ."

ಮೂರು: "ಗಾಡಿ ಸ್ಟಾರ್ಟ್ ಕೂಡ ಮಾಡಬೇಡಿ, ಗೇರ್‌ಬಾಕ್ಸ್ ಜಾಮ್ ಆಗುತ್ತೆ."

ಇವುಗಳಲ್ಲಿ ಯಾವುದು ನಿಜ? ಮೂರೂ ಪೂರ್ತಿ ಸರಿಯಲ್ಲ. ಮೊದಲನೆಯದು ಅರ್ಧ ನಿಜ, ಮೂರನೆಯದು ಅನಗತ್ಯ ಭಯ. ಕೇಳಲು ಅತ್ಯಂತ ಬುದ್ಧಿವಂತಿಕೆಯ ಮಾತಿನಂತೆ ಕಾಣುವ ಎರಡನೆಯದೇ ಹೆಚ್ಚು ಹಾನಿ ಮಾಡುವಂಥದ್ದು. ಅದು ಯಾಕೆ ಎಂಬುದನ್ನು ಒಂದೊಂದಾಗಿ ನೋಡೋಣ.

ಈ ಪೈಪ್ ಇರುವುದಾದರೂ ಯಾಕೆ?

ಗೇರ್‌ಬಾಕ್ಸ್ ಎಂದರೆ ಹಲ್ಲಿನ ಚಕ್ರಗಳು ಮತ್ತು ಆಯಿಲ್ ತುಂಬಿದ ಒಂದು ಲೋಹದ ಪೆಟ್ಟಿಗೆ. ಪೆಟ್ಟಿಗೆಯ ಪೂರ್ತಿ ಆಯಿಲ್ ಇರುವುದಿಲ್ಲ, ಮೇಲಿನ ಭಾಗದಲ್ಲಿ ಗಾಳಿ ಇರುತ್ತದೆ. ಹಿಂದಿನ ಚಕ್ರಗಳ ನಡುವೆ ಉರುಟಾಗಿ ಕಾಣುವ ಡಿಫರೆನ್ಷಿಯಲ್ ಕೂಡ ಇಂಥದ್ದೇ ಪೆಟ್ಟಿಗೆ. ಫೋರ್‌ವೀಲ್ ಡ್ರೈವ್ ಗಾಡಿಗಳಲ್ಲಿ ಇವುಗಳ ಜೊತೆಗೆ ಟ್ರಾನ್ಸ್‌ಫರ್ ಕೇಸ್ ಮತ್ತು ಮುಂದಿನ ಡಿಫರೆನ್ಷಿಯಲ್ ಕೂಡ ಇರುತ್ತವೆ.

ಗಾಡಿ ಓಡಿದಂತೆ ಆಯಿಲ್ ಬಿಸಿಯಾಗುತ್ತದೆ, ಅದರ ಜೊತೆ ಒಳಗಿನ ಗಾಳಿಯೂ ಬಿಸಿಯಾಗಿ ಹಿಗ್ಗುತ್ತದೆ. ಗಾಡಿ ನಿಂತು ತಣ್ಣಗಾದಾಗ ಅದೇ ಗಾಳಿ ಕುಗ್ಗುತ್ತದೆ. ಹಿಗ್ಗಿದಾಗ ಹೊರಗೆ ಹೋಗಲು, ಕುಗ್ಗಿದಾಗ ಒಳಗೆ ಬರಲು ಒಂದು ದಾರಿ ಬೇಕು. ಅದಕ್ಕಾಗಿ ಪೆಟ್ಟಿಗೆಯ ಮೇಲ್ಭಾಗದಲ್ಲಿ ಒಂದು ಸಣ್ಣ ತೂತು ಕೊಟ್ಟಿರುತ್ತಾರೆ. ಇದೇ ಬ್ರೀದರ್, ಅಂದರೆ ಪೆಟ್ಟಿಗೆ ಉಸಿರಾಡುವ ಮೂಗು. ಅದಕ್ಕೆ ಸಿಕ್ಕಿಸಿದ ರಬ್ಬರ್ ಪೈಪು ಈ ಮೂಗನ್ನು ನೀರು, ಕೆಸರು ತಲುಪದಷ್ಟು ಎತ್ತರಕ್ಕೆ ಒಯ್ಯುತ್ತದೆ.

ಅಡುಗೆಮನೆಯಲ್ಲೇ ಇದರ ಉದಾಹರಣೆ ಇದೆ. ಕುದಿಯುವ ಸಾರನ್ನು ಸ್ಟೀಲ್ ಡಬ್ಬಿಗೆ ಹಾಕಿ ಬಿಗಿಯಾಗಿ ಮುಚ್ಚಿಟ್ಟರೆ, ತಣ್ಣಗಾದ ಮೇಲೆ ಮುಚ್ಚಳ ತೆಗೆಯಲು ಹರಸಾಹಸ ಪಡಬೇಕಾಗುತ್ತದೆ. ಒಳಗಿನ ಹಬೆ ನೀರಾಗಿ, ಗಾಳಿ ಕುಗ್ಗಿ, ಹೊರಗಿನ ಗಾಳಿ ಮುಚ್ಚಳವನ್ನು ಒತ್ತಿ ಹಿಡಿದಿರುತ್ತದೆ. ಬಿಸಿ ನೀರು ತುಂಬಿ ಮುಚ್ಚಿದ ಪ್ಲಾಸ್ಟಿಕ್ ಬಾಟಲಿ ತಣ್ಣಗಾದಾಗ ನಜ್ಜುಗುಜ್ಜಾಗುವುದೂ ಇದೇ ಕಾರಣಕ್ಕೆ. ಲೋಹದ ಗೇರ್‌ಬಾಕ್ಸ್ ಹಾಗೆ ನಜ್ಜಾಗುವುದಿಲ್ಲ. ಆದರೆ ಅದು ತನ್ನ ಅತ್ಯಂತ ದುರ್ಬಲ ಜಾಗದಿಂದ ಗಾಳಿಯನ್ನೋ ನೀರನ್ನೋ ಒಳಗೆಳೆದುಕೊಳ್ಳುತ್ತದೆ. ಆ ದುರ್ಬಲ ಜಾಗ ಎಂದರೆ ಆಯಿಲ್ ಸೀಲ್.

ಸ್ವಲ್ಪ ಲೆಕ್ಕ ಹಾಕೋಣ

ಬಿಸಿಯಾದರೆ ಗಾಳಿ ಎಷ್ಟು ಹಿಗ್ಗುತ್ತದೆ ಎಂಬ ನಿಯಮವನ್ನು ಫ್ರಾನ್ಸಿನ ವಿಜ್ಞಾನಿ ಗೇ-ಲುಸಾಕ್ 1802ರಲ್ಲೇ ಪ್ರಕಟಿಸಿದ್ದರು. ಶಾಲೆಯಲ್ಲಿ ನಾವೆಲ್ಲ ಓದಿದ ಅದೇ ನಿಯಮವನ್ನು ಇಲ್ಲಿ ಹಾಕಿ ನೋಡೋಣ.

ಬೆಳಿಗ್ಗೆ ಗಾಡಿ ತೆಗೆಯುವಾಗ ಗೇರ್‌ಬಾಕ್ಸಿನ ಒಳಗೆ 30 ಡಿಗ್ರಿ ಸೆಲ್ಸಿಯಸ್ ಇದೆ, ಘಾಟಿ ಹತ್ತಿದ ಮೇಲೆ ಅದು 90 ಡಿಗ್ರಿ ಆಯಿತು ಎಂದುಕೊಳ್ಳಿ. ಕೆಲ್ವಿನ್ ಲೆಕ್ಕದಲ್ಲಿ ಇದು 303ರಿಂದ 363ಕ್ಕೆ ಏರಿದಂತೆ. ಬ್ರೀದರ್ ತೂತು ಮುಚ್ಚಿದ್ದರೆ ಒಳಗಿನ ಒತ್ತಡ ಸುಮಾರು ಶೇಕಡ 20ರಷ್ಟು ಹೆಚ್ಚುತ್ತದೆ. ಟೈರಿಗೆ ಗಾಳಿ ಹಿಡಿಸುವಾಗ ಹೇಳುವ ಲೆಕ್ಕದಲ್ಲಿ ಹೇಳುವುದಾದರೆ ಸುಮಾರು 3 ಪಿಎಸ್‌ಐ.

30 ಪಿಎಸ್‌ಐ ಮೇಲೆ ಗಾಳಿ ಹಿಡಿಯುವ ಟೈರಿನ ಮುಂದೆ ಇದೇನು ಮಹಾ ಎನಿಸಬಹುದು. ಆದರೆ ಆಯಿಲ್ ಸೀಲ್ ಟೈರ್ ಅಲ್ಲ. ತಿರುಗುವ ಶಾಫ್ಟಿನ ಮೇಲೆ ರಬ್ಬರಿನ ತೆಳುವಾದ ತುಟಿಯೊಂದನ್ನು ಸಣ್ಣ ಸ್ಪ್ರಿಂಗ್ ಒತ್ತಿ ಹಿಡಿದಿರುತ್ತದೆ, ಅಷ್ಟೇ. ಒಳಗೆ ಹೊರಗೆ ಹೆಚ್ಚು ಕಡಿಮೆ ಒಂದೇ ಒತ್ತಡ ಇರುತ್ತದೆ ಎಂಬ ಲೆಕ್ಕದಲ್ಲೇ ಅದನ್ನು ಹಾಕಿರುತ್ತಾರೆ. ದಿನವೂ ಒಳಗಿನಿಂದ ಒತ್ತಡ ಬಿದ್ದರೆ ಸೀಲ್ ಪಕ್ಕದಿಂದ ಗಾಳಿ, ಅದರ ಹಿಂದೆಯೇ ಆಯಿಲ್ ಹೊರಬರಲು ಶುರುವಾಗುತ್ತದೆ.

ಈಗ ಇದರ ಇನ್ನೊಂದು ಮುಖ. 90 ಡಿಗ್ರಿ ಬಿಸಿಯಾದ ಗೇರ್‌ಬಾಕ್ಸ್ 25 ಡಿಗ್ರಿಯ ಹಳ್ಳದ ನೀರಿಗೆ ಇಳಿಯಿತು ಎಂದುಕೊಳ್ಳಿ. ಒಳಗಿನ ಗಾಳಿ ಪೂರ್ತಿ ತಣಿದರೆ ಸುಮಾರು ಶೇಕಡ 18ರಷ್ಟು ಕುಗ್ಗುತ್ತದೆ. ಒಳಗೆ 2 ಲೀಟರ್ ಗಾಳಿ ಇದ್ದರೆ ಸುಮಾರು 360 ಮಿಲಿಲೀಟರ್ ಜಾಗ ಖಾಲಿಯಾದಂತೆ. ಪೈಪ್ ಕಳಚಿದ ತೂತು ಆ ಹೊತ್ತಿಗೆ ನೀರಿನಡಿ ಇದ್ದರೆ, ಆ ಜಾಗ ತುಂಬಲು ಬರುವುದು ನೀರೇ. ಕೆಲವೇ ಸೆಕೆಂಡಿನಲ್ಲಿ ನೀರು ದಾಟಿದರೆ ಇಷ್ಟು ಪೂರ್ತಿ ಬರುವುದಿಲ್ಲ. ಆದರೆ ನೀರು ನಿಂತ ರಸ್ತೆಯಲ್ಲಿ ಟ್ರಾಫಿಕ್ಕಿಗೆ ಸಿಕ್ಕಿ ಹತ್ತು ನಿಮಿಷ ನಿಂತರೆ ಬರಲು ಬೇಕಾದಷ್ಟು ಸಮಯ ಸಿಗುತ್ತದೆ.

ತೂತನ್ನು ಮುಚ್ಚಿದ್ದರೆ ಏನಾಗುತ್ತದೆ? ಬಿಸಿಯಾಗಿದ್ದಾಗ ಸೀಲ್ ಪಕ್ಕದಿಂದ ಗಾಳಿ ಆಗಲೇ ಹೊರಗೆ ಹೋಗಿರುತ್ತದೆ. ತಣಿದಾಗ ಒಳಗೆ ಹೀರುವ ಶಕ್ತಿ ಹುಟ್ಟುತ್ತದೆ. ಶೇಕಡ 18ರಷ್ಟು ಒತ್ತಡ ಇಳಿಯುವುದು ಎಂದರೆ 1.8 ಮೀಟರ್‌ಗಿಂತ ತುಸು ಹೆಚ್ಚು ಎತ್ತರದ ನೀರಿನ ಒತ್ತಡಕ್ಕೆ ಸಮ. ಅಂದರೆ ನೀವು ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದರೂ, ನಿಮ್ಮ ಗಾಡಿಯ ಸೀಲಿಗೆ ಆಳೆತ್ತರದ ನೀರಿನಲ್ಲಿ ಮುಳುಗಿದಷ್ಟು ಒತ್ತಡ ಬೀಳಬಹುದು. ಸೀಲಿನ ಮುಖ್ಯ ತುಟಿ ಇರುವುದು ಆಯಿಲನ್ನು ಒಳಗೆ ತಡೆಯಲು. ಹೊರಗಿನ ತುಟಿ ಧೂಳು ತಡೆಯಲು ಮಾತ್ರ. ನೀರನ್ನು ಹೊರಗೆ ತಡೆಯುವ ಬಲ ಅದಕ್ಕಿಲ್ಲ.

ಆದ್ದರಿಂದ ತೂತು ಇರುವುದು ದೋಷವಲ್ಲ. ಆ ತೂತು ಎಷ್ಟು ಎತ್ತರದಲ್ಲಿ ಬಾಯಿ ತೆರೆಯುತ್ತದೆ ಎಂಬುದೇ ಮುಖ್ಯ.

ಸಸ್ಪೆನ್ಷನ್ ಕೆಲಸಕ್ಕೂ ಈ ಪೈಪಿಗೂ ಏನು ಸಂಬಂಧ?

ಜೀಪ್ ಮಾದರಿಯ ಗಾಡಿಗಳು, ಬೊಲೆರೊ, ಜಿಮ್ನಿ, ಹಳೆಯ ಜಿಪ್ಸಿ, ಥಾರ್ ಇವುಗಳಲ್ಲೆಲ್ಲ ಹಿಂದಿನ ಆಕ್ಸಲ್ ಒಂದೇ ತುಂಡಿನದು. ರಸ್ತೆಯ ಏರುತಗ್ಗಿಗೆ ತಕ್ಕಂತೆ ಆಕ್ಸಲ್ ಮೇಲೆ ಕೆಳಗೆ ಆಡುತ್ತದೆ, ಆದರೆ ಪೈಪಿನ ಮೇಲಿನ ತುದಿಯನ್ನು ಕಟ್ಟಿರುವುದು ಚೇಸಿಸ್ ಅಥವಾ ಬಾಡಿಗೆ. ಆಕ್ಸಲ್ ಎಷ್ಟು ಕೆಳಗೆ ಇಳಿಯಬಹುದೋ ಅಷ್ಟಕ್ಕೆ ಲೆಕ್ಕ ಹಾಕಿ ಕಂಪನಿಯವರು ಪೈಪಿನ ಉದ್ದ ಇಟ್ಟಿರುತ್ತಾರೆ.

ಗಾಡಿಯನ್ನು ಎತ್ತರಿಸಲು ಉದ್ದದ ಸ್ಪ್ರಿಂಗ್, ಉದ್ದದ ಶಾಕ್ ಹಾಕಿಸಿದಾಗ ಆಕ್ಸಲ್ ಮತ್ತು ಬಾಡಿಯ ನಡುವಿನ ದೂರ ಹೆಚ್ಚುತ್ತದೆ, ಪೈಪಿನ ಉದ್ದ ಮಾತ್ರ ಹಳೆಯದೇ. ಸಮ ರಸ್ತೆಯಲ್ಲಿ ಏನೂ ಕಾಣಿಸುವುದಿಲ್ಲ. ಒಂದು ಚಕ್ರ ಗುಂಡಿಗೆ ಇಳಿದು ಪೂರ್ತಿ ಜೋತುಬಿದ್ದ ಕ್ಷಣ ಪೈಪ್ ಎಳೆದುಕೊಂಡು ತೂತಿನಿಂದ ಕಳಚಿ ಬರುತ್ತದೆ.

ಎತ್ತರಿಸದ ಸಾಮಾನ್ಯ ಕಾರುಗಳಲ್ಲೂ ಇದು ಆಗಬಹುದು. ಸ್ಪ್ರಿಂಗ್ ಬಿಚ್ಚಲು ಗಾಡಿಯನ್ನು ಎತ್ತಿ ಆಕ್ಸಲನ್ನು ಮಾಮೂಲಿಗಿಂತ ಕೆಳಗೆ ಇಳಿಸುತ್ತಾರೆ. ಮುಂದಿನ ಲೋವರ್ ಆರ್ಮ್, ಬುಷ್ ಕೆಲಸಕ್ಕೆ ಕೆಲವೊಮ್ಮೆ ಎಂಜಿನ್ ಕೆಳಗಿನ ಸಬ್‌ಫ್ರೇಮನ್ನೇ ಇಳಿಸಬೇಕಾಗುತ್ತದೆ. ಆಗ ಕ್ಲಿಪ್ ಬಿಚ್ಚಿದ ಪೈಪನ್ನು ಮತ್ತೆ ಹಾಕುವುದು ಮರೆತುಹೋಗಬಹುದು. ಪೈಪ್ ಇಲ್ಲದಿದ್ದರೂ ಗಾಡಿ ಸ್ಟಾರ್ಟ್ ಆಗುತ್ತದೆ, ಗೇರ್ ಬೀಳುತ್ತದೆ, ಮೀಟರಿನಲ್ಲಿ ಯಾವ ದೀಪವೂ ಹತ್ತುವುದಿಲ್ಲ. ಹಾಗಾಗಿ ಟ್ರಯಲ್ ನೋಡುವಾಗಲೂ ಗೊತ್ತಾಗುವುದಿಲ್ಲ.

ಮೂರು ಮಾತುಗಳು, ಒಂದೊಂದಾಗಿ

"ವೇಸ್ಟ್ ಪೈಪ್, ಬಿಟ್ಟುಬಿಡಿ": ಒಣ ರಸ್ತೆಯಲ್ಲಿ ನಾಲ್ಕು ದಿನ ಓಡಿಸಿದರೆ ತಕ್ಷಣ ಏನೂ ಆಗದಿರಬಹುದು ಎಂಬಷ್ಟು ಮಾತ್ರ ನಿಜ. ಆದರೆ ಧೂಳು, ಕೆಸರು, ಮಳೆ ನೀರಿಗೆ ಈಗ ಬಾಗಿಲು ತೆರೆದಿದೆ. ಥಾರ್ ಗಾಡಿಗೆ 650 ಮಿಲಿಮೀಟರ್ ಆಳದ ನೀರು ದಾಟುವ ಸಾಮರ್ಥ್ಯ ಇದೆ ಎಂದು ತಯಾರಕರು ಹೇಳುತ್ತಾರೆ. 18 ಇಂಚಿನ ಚಕ್ರದ ಮಾದರಿಯಲ್ಲಿ ಆಕ್ಸಲಿನ ಮಧ್ಯಭಾಗ ನೆಲದಿಂದ ಇರುವುದು ಹೆಚ್ಚೆಂದರೆ 390 ಮಿಲಿಮೀಟರ್ ಎತ್ತರದಲ್ಲಿ. ಅಂದರೆ ಅಷ್ಟು ಆಳದ ನೀರಿಗಿಳಿದರೆ ಆಕ್ಸಲ್ ಒಂದು ಗೇಣಿಗಿಂತ ಹೆಚ್ಚು ಮುಳುಗಿರುತ್ತದೆ. ಬ್ರೀದರ್ ತನ್ನ ಎತ್ತರದ ಜಾಗದಲ್ಲಿ ಬಾಯಿ ತೆರೆದಿದ್ದರೆ ಮಾತ್ರ ಇಂಥ ಅಂಕಿಗಳಿಗೆ ಅರ್ಥ. ಪೈಪ್ ಕಳಚಿದ ಗಾಡಿಗೆ ಆ ಅಂಕಿ ಅನ್ವಯಿಸುವುದಿಲ್ಲ.

"ತೂತು ಮುಚ್ಚಿಬಿಡಿ": ತಪ್ಪು. ಮೇಲೆ ನೋಡಿದಂತೆ ಒತ್ತಡ ಸೀಲಿನ ಮೇಲೆ ಬೀಳುತ್ತದೆ. ಇದು ಆಯಿಲ್ ಸೋರುವ ತೊಂದರೆ ಮಾತ್ರವಲ್ಲ. ಒಂದೇ ತುಂಡಿನ ಹಿಂದಿನ ಆಕ್ಸಲ್ ಇರುವ ಬಹಳಷ್ಟು ಗಾಡಿಗಳಲ್ಲಿ ಆಕ್ಸಲ್ ಸೀಲಿನ ಪಕ್ಕದಲ್ಲೇ ಬ್ರೇಕ್ ಡ್ರಮ್ ಇರುತ್ತದೆ. ಸೀಲ್ ದಾಟಿದ ಆಯಿಲ್ ಬ್ರೇಕ್ ಲೈನರಿಗೆ ತಾಗಿದರೆ ಆ ಚಕ್ರದ ಬ್ರೇಕ್ ಹಿಡಿಯುವುದಿಲ್ಲ. ಘಾಟಿ ಇಳಿಯುವಾಗ ಗಾಡಿ ಒಂದು ಕಡೆಗೆ ಎಳೆಯಬಹುದು. ಎಂ-ಸೀಲ್ ಮೆತ್ತಿ ಉಳಿಸಿದ ಪೈಪಿನ ಖರ್ಚು ಕೊನೆಗೆ ಬ್ರೇಕಿನ ಮೇಲೆ ಬಂದು ಕೂರುತ್ತದೆ.

"ಸ್ಟಾರ್ಟ್ ಮಾಡಬೇಡಿ, ಜಾಮ್ ಆಗುತ್ತೆ": ಪೈಪ್ ಮಾತ್ರ ಕಳಚಿದ್ದು, ಆಯಿಲ್ ಮಟ್ಟ ಸರಿಯಿದ್ದು, ನೀರಿನಲ್ಲಿ ಓಡಿಸಿಲ್ಲ ಎಂದಾದರೆ ಹತ್ತಿರದ ಗ್ಯಾರೇಜಿನವರೆಗೆ ನಿಧಾನವಾಗಿ ಓಡಿಸಿಕೊಂಡು ಹೋಗಲು ತೊಂದರೆಯಿಲ್ಲ. ಹಲವು ಸಣ್ಣ ಕಾರುಗಳ ಗೇರ್‌ಬಾಕ್ಸಿನಲ್ಲಿ ಪೈಪೇ ಇರುವುದಿಲ್ಲ, ಮೇಲ್ಭಾಗದಲ್ಲಿ ಸಣ್ಣ ಟೊಪ್ಪಿಗೆಯಂಥ ಮುಚ್ಚಳ ಮಾತ್ರ ಇರುತ್ತದೆ. ಆದರೆ ನೀರಿಗಿಳಿದ ಗಾಡಿಯ ವಿಷಯ ಬೇರೆ, ಅದನ್ನು ಮುಂದೆ ಹೇಳಿದ್ದೇವೆ.

ಮೊದಲು ಅದು ಬ್ರೀದರ್ ಪೈಪೇ ಎಂದು ಖಚಿತಪಡಿಸಿಕೊಳ್ಳಿ

ನೇತಾಡುವ ಪೈಪೆಲ್ಲ ಬ್ರೀದರ್ ಅಲ್ಲ. ಫೋಟೊ ನೋಡಿ ಗ್ರೂಪಿನಲ್ಲಿ ಕೊಡುವ ಸಲಹೆ ತಪ್ಪುವುದು ಹೆಚ್ಚಾಗಿ ಇಲ್ಲಿಯೇ.

ಬ್ರೀದರ್ ಪೈಪಿನ ಒಳಗೆ ಗಾಳಿ ಮಾತ್ರ ಇರುತ್ತದೆ. ಹೆಚ್ಚೆಂದರೆ ಸ್ವಲ್ಪ ಆಯಿಲ್ ಪಸೆ ಇರಬಹುದು. ಅದರ ಒಂದು ತುದಿ ಗೇರ್‌ಬಾಕ್ಸ್ ಅಥವಾ ಆಕ್ಸಲಿನ ಮೇಲ್ಭಾಗದ ಸಣ್ಣ ಮೊಳೆಯಂಥ ನಳಿಕೆಗೆ ಸೇರಬೇಕು. ಇನ್ನೊಂದು ತುದಿ ಎತ್ತರದಲ್ಲಿ ಎಲ್ಲಿಗೂ ಸೇರದೆ ತೆರೆದಿರುತ್ತದೆ, ಅಥವಾ ಅದಕ್ಕೊಂದು ಸಣ್ಣ ಮುಚ್ಚಳ ಇರುತ್ತದೆ.

ಆಟೋಮ್ಯಾಟಿಕ್ ಗಾಡಿಯಲ್ಲಿ ಗೇರ್‌ಬಾಕ್ಸಿನಿಂದ ಕೂಲರಿಗೆ ಹೋಗುವ ಪೈಪುಗಳು ಬೇರೆ. ಅವು ದಪ್ಪವಾಗಿದ್ದು ಬಿಗಿಯಾದ ಕ್ಲಾಂಪ್ ಹಾಕಿರುತ್ತಾರೆ. ಎಂಜಿನ್ ಓಡುವಾಗ ಅವುಗಳಲ್ಲಿ ಆಯಿಲ್ ಒತ್ತಡದಿಂದ ಹರಿಯುತ್ತದೆ. ಅಂಥ ಪೈಪ್ ಕಳಚಿದ್ದರೆ ನೆಲದ ಮೇಲೆ ಆಯಿಲ್ ಸುರಿಯುತ್ತದೆ. ಆಗ ಮೂರನೆಯ ಮಾತೇ ಸರಿ: ಎಂಜಿನ್ ಸ್ಟಾರ್ಟ್ ಮಾಡಬೇಡಿ, ಗಾಡಿಯನ್ನು ಟೋ ಮಾಡಿಸಿ.

ಎಸಿ ನೀರು ಹೋಗುವ ಪೈಪ್, ಪೆಟ್ರೋಲ್ ಟ್ಯಾಂಕಿನ ಗಾಳಿ ಪೈಪ್, ಕೆಲವು ಫೋರ್‌ವೀಲ್ ಡ್ರೈವ್ ಗಾಡಿಗಳಲ್ಲಿರುವ ವ್ಯಾಕ್ಯೂಮ್ ಪೈಪ್ ಕೂಡ ನೋಡಲು ಹೀಗೆಯೇ ಇರುತ್ತವೆ. ಪೆಟ್ರೋಲ್ ವಾಸನೆ ಬಂದರೆ ಅದನ್ನು ಮುಟ್ಟದೆ ಮೆಕ್ಯಾನಿಕ್ ಕರೆಸಿ.

ಮತ್ತೆ ಜೋಡಿಸುವುದು ಹೇಗೆ?

ಮೊದಲಿಗೆ ಸುರಕ್ಷತೆಯ ಮಾತು. ಬರೀ ಜಾಕಿಯ ಮೇಲೆ ನಿಂತ ಗಾಡಿಯ ಅಡಿ ಎಂದೂ ನುಸುಳಬೇಡಿ. ಸ್ಟ್ಯಾಂಡ್ ಇಲ್ಲದಿದ್ದರೆ ಈ ಕೆಲಸ ಗ್ಯಾರೇಜಿನವರದ್ದೇ. ಸೈಲೆನ್ಸರ್ ಮತ್ತು ಗೇರ್‌ಬಾಕ್ಸ್ ತಣ್ಣಗಾಗುವವರೆಗೆ ಕಾಯಿರಿ.

1. ನಳಿಕೆಯ ಸುತ್ತ ಅಂಟಿದ ಮಣ್ಣನ್ನು ಮೊದಲು ಬಟ್ಟೆಯಿಂದ ಒರೆಸಿ. ಒರೆಸದೆ ಪೈಪ್ ತುರುಕಿದರೆ ಮಣ್ಣು ಒಳಗೆ ಬೀಳುತ್ತದೆ.

2. ಪೈಪ್ ಕಟ್ಟಿದೆಯೇ ನೋಡಿ. ಒಂದು ತುದಿಯಿಂದ ಗಾಳಿ ಬಿಟ್ಟರೆ ಇನ್ನೊಂದು ತುದಿಯಲ್ಲಿ ಸರಾಗವಾಗಿ ಬರಬೇಕು. ಪೈಪನ್ನು ಗೇರ್‌ಬಾಕ್ಸಿಗೆ ಸಿಕ್ಕಿಸಿಕೊಂಡೇ ಕಂಪ್ರೆಸರ್ ಗಾಳಿ ಬಿಡಬಾರದು. ಕಸ ಒಳಗೆ ಹೋಗುತ್ತದೆ, ಸೀಲಿಗೂ ಪೆಟ್ಟು.

3. ರಬ್ಬರ್ ಬಿರುಕು ಬಿಟ್ಟಿದ್ದರೆ, ಗಟ್ಟಿಯಾಗಿದ್ದರೆ ಹೊಸದು ಹಾಕಿ. ಆಯಿಲ್ ಮತ್ತು ಬಿಸಿ ತಡೆಯುವ ರಬ್ಬರ್ ಪೈಪೇ ಬೇಕು. ಅಕ್ವೇರಿಯಂ ಪೈಪ್, ತೋಟಕ್ಕೆ ನೀರು ಬಿಡುವ ಪೈಪ್ ಬಿಸಿಗೆ ಮೆತ್ತಗಾಗಿ ಮುಚ್ಚಿಕೊಳ್ಳುತ್ತದೆ ಅಥವಾ ಒಣಗಿ ಒಡೆಯುತ್ತದೆ.

4. ಗಾಡಿ ಎತ್ತರಿಸಿದ್ದರೆ ಹಳೆಯ ಪೈಪನ್ನೇ ಎಳೆದು ಸಿಕ್ಕಿಸಬೇಡಿ. ಬಾಡಿಯನ್ನು ಎತ್ತಿ ಚಕ್ರಗಳು ಪೂರ್ತಿ ಜೋತುಬಿದ್ದಾಗ ಎಷ್ಟು ಉದ್ದ ಬೇಕೋ ಅಳೆದು, ಅದಕ್ಕಿಂತ ಸ್ವಲ್ಪ ಹೆಚ್ಚು ಉದ್ದದ ಪೈಪ್ ಹಾಕಿಸಿ.

5. ಪೈಪ್ ಸಾಗುವ ದಾರಿ ಮೇಲ್ಮುಖವಾಗಿರಲಿ. ನಡುವೆ ಜೋಲುಬಿದ್ದರೆ ಅಲ್ಲಿ ಆಯಿಲೋ ನೀರೋ ನಿಂತು ಗಾಳಿಯ ದಾರಿ ಕಟ್ಟುತ್ತದೆ. ಸೈಲೆನ್ಸರ್ ಮತ್ತು ತಿರುಗುವ ಪ್ರೊಪೆಲ್ಲರ್ ಶಾಫ್ಟಿನಿಂದ ದೂರವಿರಲಿ.

6. ಕೇಬಲ್ ಟೈ ಹಾಕುವಾಗ ಪೈಪ್ ಚಪ್ಪಟೆಯಾಗುವಂತೆ ಬಿಗಿಯಬೇಡಿ. ಬಿಗಿದು ಮುಚ್ಚಿದ ಪೈಪಿಗೂ ಎಂ-ಸೀಲ್ ಮೆತ್ತಿದ ತೂತಿಗೂ ವ್ಯತ್ಯಾಸವಿಲ್ಲ. ಮೇಲಿನ ತುದಿ ಕೆಳಮುಖವಾಗಿ ಬಾಗಿರಲಿ, ಆಗ ಮಳೆ ನೀರು ಬೀಳುವುದಿಲ್ಲ.

ಇದಾದ ಮೇಲೆ ಆಯಿಲ್ ಮಟ್ಟ ನೋಡಿಸಿ. ಬ್ರೀದರಿನಿಂದ ಆಯಿಲ್ ಉಕ್ಕಿ ಬಂದ ಗುರುತು ಇದ್ದರೆ, ಯಾರೋ ಅಗತ್ಯಕ್ಕಿಂತ ಹೆಚ್ಚು ಆಯಿಲ್ ತುಂಬಿರುವ ಸಾಧ್ಯತೆಯೂ ಇದೆ.

ಈಗಾಗಲೇ ನೀರಿನಲ್ಲಿ ಓಡಿಸಿದ್ದರೆ?

ಇದು ಫೋರ್‌ವೀಲ್ ಡ್ರೈವ್ ಹವ್ಯಾಸಿಗಳ ಸಮಸ್ಯೆ ಮಾತ್ರ ಎಂದುಕೊಳ್ಳಬೇಡಿ. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆ, ಬೆಳ್ಳಂದೂರು ಸುತ್ತಮುತ್ತ ನೀರು ನಿಂತಾಗ ಮಾಮೂಲಿ ಕಾರುಗಳೇ ನೀರಿನಲ್ಲಿ ಸಿಕ್ಕಿಕೊಂಡಿದ್ದವು. ಮಳೆಗಾಲದಲ್ಲಿ ಅಂಡರ್‌ಪಾಸ್ ದಾಟುವವರಿಗೂ, ಮಲೆನಾಡಿನ ಹಳ್ಳ ದಾಟುವವರಿಗೂ ಇದು ಅನ್ವಯಿಸುತ್ತದೆ.

ಪೈಪ್ ಕಳಚಿದ ಸ್ಥಿತಿಯಲ್ಲಿ ಗೇರ್‌ಬಾಕ್ಸ್ ಅಥವಾ ಆಕ್ಸಲ್ ಮುಳುಗುವಷ್ಟು ನೀರು ದಾಟಿದ್ದರೆ, ಪೈಪ್ ಜೋಡಿಸಿ ಸುಮ್ಮನಾಗುವುದು ಸಾಲದು. ಆಯಿಲ್ ನೋಡಲೇಬೇಕು. ನೀರು ಸೇರಿದ ಗೇರ್ ಆಯಿಲ್ ಹಾಲು ಹಾಕಿದ ಕಾಫಿಯಂತೆ ಕಾಣುತ್ತದೆ. ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಕೆಂಪು ಆಯಿಲ್ ರೋಸ್ ಮಿಲ್ಕಿನಂತೆ ಆಗುತ್ತದೆ. ಗಾಡಿ ಬಹಳ ಹೊತ್ತು ನಿಂತಿದ್ದರೆ ನೀರು ಆಯಿಲ್‌ಗಿಂತ ಭಾರವಾದ್ದರಿಂದ ತಳಕ್ಕೆ ಇಳಿದಿರುತ್ತದೆ. ಡ್ರೈನ್ ಬೋಲ್ಟ್ ಸಡಿಲಿಸಿದಾಗ ಮೊದಲು ನೀರೇ ಬರುತ್ತದೆ.

ಮ್ಯಾನುಯಲ್ ಗೇರ್‌ಬಾಕ್ಸ್ ಮತ್ತು ಡಿಫರೆನ್ಷಿಯಲ್ ಆದರೆ ಆಯಿಲ್ ಪೂರ್ತಿ ಇಳಿಸಿ ಹೊಸದು ಹಾಕಿಸಿ, ಸ್ವಲ್ಪ ಓಡಿಸಿದ ಮೇಲೆ ಬಣ್ಣ ಮತ್ತೆ ನೋಡಿಸಿ. ತಡ ಮಾಡಿದರೆ ಬೇರಿಂಗಿಗೆ ತುಕ್ಕು ಹಿಡಿದು ಗೊರಗೊರ ಸದ್ದು ಶುರುವಾಗುತ್ತದೆ. ಎಎಂಟಿ ಎನ್ನುವ ಗಾಡಿಗಳ ಒಳಗಿರುವುದು ಮ್ಯಾನುಯಲ್ ಗೇರ್‌ಬಾಕ್ಸೇ ಆದ್ದರಿಂದ ಅವಕ್ಕೂ ಇದೇ ಮಾತು.

ಟಾರ್ಕ್ ಕನ್ವರ್ಟರ್ ಇರುವ ಆಟೋಮ್ಯಾಟಿಕ್ ಆದರೆ ಹೆಚ್ಚು ಎಚ್ಚರ ಬೇಕು. ಅದರೊಳಗಿನ ಕ್ಲಚ್ ಪ್ಲೇಟುಗಳ ಮೇಲೆ ಕಾಗದದಂಥ ಪದರವನ್ನು ಅಂಟಿನಿಂದ ಕೂರಿಸಿರುತ್ತಾರೆ. ನೀರು ಸೇರಿದರೆ ಆ ಪದರ ಬಿಟ್ಟುಬರಬಹುದು. ಹಾಗಾಗಿ ಆಯಿಲ್ ಬಣ್ಣ ಬದಲಾಗಿದ್ದರೆ ಓಡಿಸದೆ ಟೋ ಮಾಡಿಸುವುದೇ ಸರಿ. ಇಂಥ ಗೇರ್‌ಬಾಕ್ಸನ್ನು ಬಿಚ್ಚಿ ಸರಿಮಾಡಿಸುವ ಖರ್ಚಿನ ಮುಂದೆ ಆಯಿಲ್ ಬದಲಿಸುವ ಖರ್ಚು ಏನೇನೂ ಅಲ್ಲ. ಪೈಪಿನ ಬೆಲೆಯಂತೂ ಲೆಕ್ಕಕ್ಕೇ ಬಾರದು.

ಸೀಲ್ ಬದಲಿಸಿದರೂ ಮತ್ತೆ ಸೋರುತ್ತಿದೆಯೇ?

ಆಕ್ಸಲ್ ಸೀಲ್ ಒಮ್ಮೆ ಬದಲಿಸಿದ ಮೇಲೂ ಕೆಲವು ತಿಂಗಳಿಗೆ ಮತ್ತೆ ಪಸೆ ಕಾಣಿಸಿದರೆ, "ಡೂಪ್ಲಿಕೇಟ್ ಸೀಲ್ ಹಾಕಿದ್ದಾರೆ" ಎಂದು ಜಗಳಕ್ಕೆ ಹೋಗುವ ಮೊದಲು ಬ್ರೀದರ್ ನೋಡಿಸಿ. ಒಣಗಿದ ಕೆಸರಿನಿಂದಲೋ ತುಕ್ಕಿನಿಂದಲೋ ಅದು ಮುಚ್ಚಿಹೋಗಿದ್ದರೆ ಎಷ್ಟು ಒಳ್ಳೆಯ ಸೀಲ್ ಹಾಕಿದರೂ ಸೋರುತ್ತದೆ.

ಗ್ಯಾರೇಜಿನಲ್ಲಿ ಗಾಡಿ ತೆಗೆದುಕೊಳ್ಳುವಾಗ

ಸಸ್ಪೆನ್ಷನ್ ಕೆಲಸ ಮುಗಿದ ಮೇಲೆ ಲಿಫ್ಟಿನಿಂದ ಇಳಿಸುವ ಮುಂಚೆ ಮೂರು ವಿಷಯ ತೋರಿಸಲು ಕೇಳಿ: ಬ್ರೇಕ್ ಹೋಸ್ ಎಳೆದುಕೊಂಡಿಲ್ಲವೇ, ಎಬಿಎಸ್ ವೈರ್ ಕ್ಲಿಪ್ಪಿನಲ್ಲಿ ಕೂತಿದೆಯೇ, ಬ್ರೀದರ್ ಪೈಪ್ ಎರಡೂ ತುದಿಯಲ್ಲಿ ಸರಿಯಾಗಿದೆಯೇ. ಚಕ್ರ ಜೋತುಬಿದ್ದಿರುವ ಆ ಹೊತ್ತಿನಲ್ಲೇ ಉದ್ದ ಸಾಲುತ್ತದೆಯೋ ಇಲ್ಲವೋ ಕಣ್ಣಿಗೆ ಕಾಣುತ್ತದೆ. ಕೇಳುವುದಕ್ಕೆ ಸಂಕೋಚ ಬೇಡ, ಒಳ್ಳೆಯ ಮೆಕ್ಯಾನಿಕ್ ಇದನ್ನು ತಾನಾಗಿಯೇ ತೋರಿಸುತ್ತಾನೆ.

ಫಾರ್ವರ್ಡ್ ಮಾಡುವುದಿದ್ದರೆ ಇಷ್ಟು ಮಾಡಿ

ಬ್ರೀದರ್ ಪೈಪ್ ಕಳಚಿದರೆ ಗಾಬರಿ ಬೇಡ, ಅಸಡ್ಡೆಯೂ ಬೇಡ. ತೂತನ್ನು ಬೋಲ್ಟ್, ಎಂ-ಸೀಲ್, ಟೇಪ್ ಯಾವುದರಿಂದಲೂ ಮುಚ್ಚಬೇಡಿ. ಪೈಪನ್ನು ಸ್ವಚ್ಛ ಮಾಡಿ ಮತ್ತೆ ಸಿಕ್ಕಿಸಿ, ತುದಿಯನ್ನು ಎತ್ತರದಲ್ಲಿ ಕಟ್ಟಿ. ಗಾಡಿ ಎತ್ತರಿಸಿದ್ದರೆ ಉದ್ದದ ಪೈಪ್ ಹಾಕಿಸಿ. ಅಲ್ಲಿಯವರೆಗೆ ನೀರಿಗೆ ಇಳಿಸಬೇಡಿ. ಈಗಾಗಲೇ ಇಳಿಸಿದ್ದರೆ ಆಯಿಲ್ ಬಣ್ಣ ನೋಡಿಸದೆ ದೂರ ಓಡಿಸಬೇಡಿ.